ಪುಟ್ಟ ಪೆಟ್ಟಿಗೆಯೊಳಗಿನ ಮಂದ್ರನಾದ

ಹೊರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಎರಡೇ ಆಸನಗಳ ಪುಟ್ಟ ಸ್ಪೋರ್ಟ್ಸ್ ಕಾರೊಂದನ್ನು ಕೊಂಡು, ಅದರಲ್ಲಿ ಸಬ್‌ವೂಫರ್ ಕೂರಿಸಿ, ಬಳಿಕ ನನಗೊಂದು ಪ್ರಶ್ನೆ ಕಳುಹಿಸಿದ್ದನು: "ಸಾರ್, ಶಬ್ದವೇನೋ ಬರುತ್ತದೆ, ಆದರೆ ಚೊಕ್ಕಟವಾಗಿ ಬರುವುದಿಲ್ಲ. ಡೋಲಿನ ಒಂದು ಪೆಟ್ಟು ಮುಗಿಯುವುದರೊಳಗೆ ಇನ್ನೊಂದು ಪೆಟ್ಟು ಅದರ ಮೇಲೆ ಬಿದ್ದಂತಾಗುತ್ತದೆ. ಏನು ಕಾರಣ?" ಕಾರಿನ ಮೆಕ್ಯಾನಿಕ್ಕಿನ ಕೆಲಸ ನನಗೆ ತಿಳಿಯದು. ಆದರೆ ಈ ಪ್ರಶ್ನೆಯ ಹಿಂದೆ ನೂರು ವರ್ಷಗಳ ಸ್ವಾರಸ್ಯಕರವಾದ ಇತಿಹಾಸವಿದೆ. ನಾನು ತರಗತಿಯಲ್ಲಿ ಪಾಠ ಮಾಡುತ್ತಿದ್ದ ಶಬ್ದ, ಸ್ಪ್ರಿಂಗ್, ಉಷ್ಣ ಈ ಮೂರು ಅಧ್ಯಾಯಗಳೂ ಅದರಲ್ಲಿ ಒಂದೆಡೆ ಸೇರುತ್ತವೆ. ಆದುದರಿಂದ ಉತ್ತರವನ್ನು ಅವನೊಬ್ಬನಿಗೇ ಬರೆಯದೆ ನಿಮ್ಮೆಲ್ಲರ ಮುಂದಿಡುತ್ತಿದ್ದೇನೆ.

ಮೊದಲು ತೊಡಕು ಎಲ್ಲಿದೆ ಎಂಬುದನ್ನು ನೋಡೋಣ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಸೆಕೆಂಡಿಗೆ 40 ಬಾರಿ ಕಂಪಿಸುವ ಮಂದ್ರನಾದದ ಒಂದು ತರಂಗ ಸುಮಾರು 8.6 ಮೀಟರ್ ಉದ್ದವಿರುತ್ತದೆ, ಅಂದರೆ ಎರಡು ಕಾರುಗಳನ್ನು ಸಾಲಾಗಿ ನಿಲ್ಲಿಸಿದಷ್ಟು. ಇಂತಹ ಉದ್ದನೆಯ ಅಲೆಯನ್ನು ಎಬ್ಬಿಸಲು ಬಹಳಷ್ಟು ಗಾಳಿಯನ್ನು ತಳ್ಳಬೇಕು. ಸ್ವರವು ಒಂದು ಸ್ಥಾಯಿ ಕೆಳಗಿಳಿದರೆ, ಅಷ್ಟೇ ಗಟ್ಟಿಯಾಗಿ ಕೇಳಿಸಲು ಸ್ಪೀಕರಿನ ಪೊರೆ ನಾಲ್ಕು ಪಟ್ಟು ಹೆಚ್ಚು ದೂರ ಹಿಂದೆ ಮುಂದೆ ಚಲಿಸಬೇಕಾಗುತ್ತದೆ. ಎರಡನೆಯ ತೊಡಕೂ ಇದೆ. ಪೊರೆಯು ಮುಂದಕ್ಕೆ ಗಾಳಿಯನ್ನು ಒತ್ತಿದಾಗ ಅದರ ಹಿಂಬದಿಯ ಗಾಳಿ ಸಡಿಲವಾಗುತ್ತದೆ. ಮುಂದಿನ ಒತ್ತಡ ಅಂಚನ್ನು ಸುತ್ತಿ ಹಿಂದಕ್ಕೆ ಹರಿದರೆ ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಪೆಟ್ಟಿಗೆಯಿಲ್ಲದ ಸ್ಪೀಕರಿನಲ್ಲಿ ಮಂದ್ರವೇ ಇಲ್ಲದಿರುವುದಕ್ಕೆ ಇದೇ ಕಾರಣ.

ಡೆನ್ಮಾರ್ಕಿನಲ್ಲಿ ಹುಟ್ಟಿದ ಪೀಟರ್ ಜೆನ್ಸನ್ ಹಾಗೂ ಅವರ ಜೊತೆಗಾರ ಎಡ್ವಿನ್ ಪ್ರಿಡ್‌ಹಮ್ 1915ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಅಯಸ್ಕಾಂತದ ನಡುವೆ ಚಲಿಸುವ ಸುರುಳಿಯ ಧ್ವನಿವರ್ಧಕವನ್ನು ಕಹಳೆಯೊಂದಕ್ಕೆ ಜೋಡಿಸಿ ಸಾರ್ವಜನಿಕರಿಗೆ ಕೇಳಿಸಿದರು. ಮಾತಿಗೆ ಅದು ಸಾಕಾಯಿತು, ಸಂಗೀತಕ್ಕೆ ಸಾಲಲಿಲ್ಲ. 1925ರಲ್ಲಿ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಕಹಳೆಯನ್ನೇ ತೆಗೆದುಹಾಕಿ, ಕಾಗದದ ಶಂಕುವಿನಿಂದ ನೇರವಾಗಿ ಗಾಳಿಯನ್ನು ತಳ್ಳುವ ಸ್ಪೀಕರನ್ನು ಪ್ರಕಟಪಡಿಸಿದರು. ಇಂದು ನಿಮ್ಮ ಮನೆಯಲ್ಲಿ, ಕಾರಿನಲ್ಲಿ ಇರುವ ಸ್ಪೀಕರುಗಳಲ್ಲಿ ಬಹುಪಾಲು ಅದರ ಸಂತಾನವೇ. 1930ರಲ್ಲಿ ಬೆಲ್ ಪ್ರಯೋಗಾಲಯದ ಆಲ್ಬರ್ಟ್ ಥುರಾಸ್ ಪೆಟ್ಟಿಗೆಗೆ ಲೆಕ್ಕಾಚಾರದ ರಂಧ್ರವೊಂದನ್ನಿಟ್ಟು, ಹಿಂಬದಿಯ ಶಬ್ದವನ್ನೂ ಉಪಯೋಗಕ್ಕೆ ತರುವ ಉಪಾಯಕ್ಕೆ ಪೇಟೆಂಟ್ ಕೋರಿದರು. ಖಾಲಿ ಶೀಸೆಯ ಬಾಯಿಗೆ ಊದಿದರೆ ಗಾಳಿ ಹೂಂಕರಿಸುವುದಲ್ಲವೇ, ಅದೇ ತತ್ತ್ವ. ಆದರೆ ಈ ಎಲ್ಲ ಉಪಾಯಗಳಲ್ಲೂ ಒಳ್ಳೆಯ ಮಂದ್ರ ಬೇಕಿದ್ದರೆ ಬಟ್ಟೆಯ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗಿತ್ತು.

ಅದೇ 1930ರಲ್ಲಿ ಪಾಲ್ ಗ್ಯಾಲ್ವಿನ್ ಮತ್ತು ಅವರ ತಮ್ಮ ಜೋಸೆಫ್ ಅವರ ಷಿಕಾಗೋ ಕಂಪನಿ ಕಾರಿಗೆ ಅಳವಡಿಸುವ ರೇಡಿಯೋವನ್ನು ಮಾರುಕಟ್ಟೆಗೆ ತಂದು ಅದಕ್ಕೆ ಮೋಟೊರೋಲಾ ಎಂದು ಹೆಸರಿಟ್ಟಿತು. ಕಾರಿಗೆ ಹಾಡು ಬಂದಿತು, ಆದರೆ ಮಂದ್ರ ಬರಲಿಲ್ಲ. ಬೀರುವನ್ನು ಕಾರಿನಲ್ಲಿ ಇಡುವುದೆಲ್ಲಿ?

ಈ ಗಂಟನ್ನು ಬಿಚ್ಚಿದವರು ಒಬ್ಬ ಉಪಾಧ್ಯಾಯರು ಎಂಬುದು ನನಗೆ ವಿಶೇಷ ಸಂತೋಷದ ಸಂಗತಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಧ್ವನಿ ಪುನರುತ್ಪಾದನೆಯ ಪಾಠ ಹೇಳುತ್ತಿದ್ದ ಎಡ್ಗರ್ ವಿಲ್ಚರ್ (1917–2011) ಒಂದು ಸರಳ ವಿಚಾರ ಮಾಡಿದರು. ಶಂಕುವನ್ನು ಅದರ ಸ್ವಸ್ಥಾನಕ್ಕೆ ಹಿಂದಿರುಗಿಸಲು ಅದರ ಅಂಚಿಗೆ ಬಿಗಿಯಾದ ಮಡಿಕೆಗಳಿರುತ್ತಿದ್ದವು. ಶಂಕು ಹೆಚ್ಚು ದೂರ ಚಲಿಸಿದಾಗ ಆ ಬಿಗಿ ಒಂದೇ ಸಮನಾಗಿರದೆ ಶಬ್ದವನ್ನು ಕೆಡಿಸುತ್ತಿತ್ತು. ಹಾಗಿದ್ದರೆ ಅಂಚನ್ನು ತೀರ ಸಡಿಲಗೊಳಿಸಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸಿಲುಕಿದ ಗಾಳಿಯನ್ನೇ ಸ್ಪ್ರಿಂಗನ್ನಾಗಿ ಮಾಡಿಕೊಂಡರೆ ಹೇಗೆ? ಗಾಳಿಯ ಸ್ಪ್ರಿಂಗ್ ಲೋಹ ಬಟ್ಟೆಗಳ ಸ್ಪ್ರಿಂಗಿಗಿಂತ ಎಷ್ಟೋ ಪ್ರಾಮಾಣಿಕವಾದುದು. ಪತ್ನಿ ರೋಸ್‌ಮೇರಿಯವರ ನೆರವಿನಿಂದ, ಹಾಸಿಗೆಗೆ ಬಳಸುವ ಬಟ್ಟೆಯಿಂದ ಸಡಿಲವಾದ ಅಂಚನ್ನು ಮಾಡಿ ಅವರು ಮೊದಲ ಮಾದರಿಯನ್ನು ಸಿದ್ಧಪಡಿಸಿದರು. ಹೆಸರಾಂತ ತಯಾರಕರು ಇದನ್ನು ಒಪ್ಪಲಿಲ್ಲ. ಒಪ್ಪಿದವನು ಅವರ ತರಗತಿಯ ವಿದ್ಯಾರ್ಥಿ ಹೆನ್ರಿ ಕ್ಲಾಸ್. ಗುರುಶಿಷ್ಯರಿಬ್ಬರೂ ಸೇರಿ 1954ರಲ್ಲಿ ಮ್ಯಾಸಚೂಸೆಟ್ಸಿನ ಕೇಂಬ್ರಿಜ್‌ನಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಕಂಪನಿ ತೆರೆದು, ಕಪಾಟಿನಲ್ಲಿ ಇಡಬಹುದಾದ ಎಆರ್-1 ಎಂಬ ಸ್ಪೀಕರನ್ನು ಹೊರತಂದರು. ಬೀರುವಿನ ಕಾಲ ಅಲ್ಲಿಗೆ ಮುಗಿಯತೊಡಗಿತು.

ಆ ಪೆಟ್ಟಿಗೆಯೊಳಗೆ ಅವರು ಗಾಜಿನ ಎಳೆಗಳ ಉಣ್ಣೆಯನ್ನು ತುಂಬಿದರು. ಏಕೆಂದು ತಿಳಿಯಲು ಪಿಯುಸಿಯ ಪಾಠವನ್ನು ನೆನಪಿಸಿಕೊಳ್ಳಿ. ಶಬ್ದ ಹರಿಯುವಾಗ ಗಾಳಿಯ ಉಷ್ಣತೆ ಬದಲಾಗುವುದಿಲ್ಲವೆಂದು ಭಾವಿಸಿ ನ್ಯೂಟನ್ ಲೆಕ್ಕ ಹಾಕಿದರು. ಉತ್ತರ ನಿಜವಾದ ವೇಗಕ್ಕಿಂತ ಶೇಕಡಾ 15ರಷ್ಟು ಕಡಿಮೆ ಬಂದಿತು. ಕುಗ್ಗಿದಾಗ ಗಾಳಿ ಬಿಸಿಯಾಗುತ್ತದೆ, ಹಿಗ್ಗಿದಾಗ ತಣ್ಣಗಾಗುತ್ತದೆ, ಆ ಬಿಸಿ ಹೊರಹೋಗಲು ಸಮಯವೇ ಸಿಗುವುದಿಲ್ಲ ಎಂದು ಲಾಪ್ಲಾಸ್ ಅದನ್ನು ತಿದ್ದಿದರು. ಆದರೆ ಪೆಟ್ಟಿಗೆಯ ತುಂಬ ಎಳೆಗಳಿದ್ದರೆ ಆ ಬಿಸಿಯನ್ನು ಅವು ಹೀರಿಕೊಂಡು ಮತ್ತೆ ಹಿಂದಿರುಗಿಸುತ್ತವೆ. ಹೊರಗಿನ ಗಾಳಿಯಲ್ಲಿ ಸುಳ್ಳಾದ ನ್ಯೂಟನ್ನರ ಊಹೆ ಪೆಟ್ಟಿಗೆಯೊಳಗೆ ಬಹುಮಟ್ಟಿಗೆ ನಿಜವಾಗುತ್ತದೆ! ಗಾಳಿಯ ಸ್ಪ್ರಿಂಗ್ ಮೆದುವಾಗಿ, ಪೆಟ್ಟಿಗೆ ತನ್ನ ಅಳತೆಗಿಂತ ದೊಡ್ಡದಾದಂತೆ ವರ್ತಿಸುತ್ತದೆ. ಸಿದ್ಧಾಂತದಲ್ಲಿ ಈ ಲಾಭ ಶೇಕಡಾ 40. ಅನುಭವದಲ್ಲಿ ಅದಕ್ಕಿಂತ ಕಡಿಮೆ.

ಪ್ರಕೃತಿ ಯಾವುದನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಆ ಕಂಪನಿಯಲ್ಲಿದ್ದು ಮುಂದೆ ಕ್ಲಾಸ್ ಅವರೊಂದಿಗೆ ಕೆಎಲ್‌ಎಚ್ ಕಂಪನಿಯನ್ನು ಕಟ್ಟಿದ ಆಂಟನ್ ಹಾಫ್‌ಮನ್ ಹೆಸರಿನಲ್ಲಿ ಒಂದು "ಉಕ್ಕಿನ ನಿಯಮ"ವಿದೆ: ಚಿಕ್ಕ ಪೆಟ್ಟಿಗೆ, ಆಳವಾದ ಮಂದ್ರ, ಕಡಿಮೆ ವಿದ್ಯುತ್ತಿಗೆ ಹೆಚ್ಚು ಶಬ್ದ, ಈ ಮೂರರಲ್ಲಿ ಯಾವುದಾದರೂ ಎರಡನ್ನು ಮಾತ್ರ ಪಡೆಯಬಹುದು. ಅದೇ ಪೆಟ್ಟಿಗೆಯಿಂದ ಒಂದು ಸ್ಥಾಯಿ ಕೆಳಗಿಳಿಯಬೇಕೆಂದರೆ ಸ್ಪೀಕರಿನ ದಕ್ಷತೆ ಎಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ. ದಕ್ಷತೆ ಇಳಿಯಬಾರದೆಂದರೆ ಪೆಟ್ಟಿಗೆ ಎಂಟು ಪಟ್ಟು ಹಿಗ್ಗಬೇಕು. ಜಾಗದ ಬಡತನವನ್ನು ವಿದ್ಯುತ್ತಿನ ಸಿರಿತನದಿಂದ ತುಂಬಿಕೊಳ್ಳಬೇಕು ಎಂಬುದೇ ಇದರ ಸಾರಾಂಶ. ಶಂಕುವನ್ನು ಭಾರವಾಗಿಸುವುದೂ ಇದೇ ಲೆಕ್ಕಾಚಾರದ ಭಾಗ. ಮೃದಂಗದ ಎಡ ಮುಚ್ಚಳಕ್ಕೆ ನಾದಿದ ರವೆಯನ್ನು ಮೆತ್ತಿ ಶ್ರುತಿ ಇಳಿಸುವ ನಮ್ಮ ವಿದ್ವಾಂಸರು ಈ ತತ್ತ್ವವನ್ನು ಕೈಯಿಂದಲೇ ಅರಿತವರು.

ಇನ್ನು ನನ್ನ ಶಿಷ್ಯನ ಪ್ರಶ್ನೆಯ ತಿರುಳಿಗೆ ಬರೋಣ. "ಚೊಕ್ಕಟ" ಎಂದರೇನು? ಶಬ್ದ ಹೊರಡುವುದು ಮಾತ್ರ ಮುಖ್ಯವಲ್ಲ, ನಿಲ್ಲಬೇಕಾದಾಗ ನಿಲ್ಲುವುದೂ ಅಷ್ಟೇ ಮುಖ್ಯ. ಉಯ್ಯಾಲೆಯನ್ನು ಒಮ್ಮೆ ತಳ್ಳಿ ಬಿಟ್ಟರೆ ತೂಗುತ್ತಲೇ ಇರುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಕೈ ಬೇಕು. ಸ್ಪೀಕರಿನಲ್ಲಿ ಆ ಕೈ ಅಯಸ್ಕಾಂತ ಮತ್ತು ಸುರುಳಿಯದು. ಆಸ್ಟ್ರೇಲಿಯದ ನೆವಿಲ್ ಥೀಲ್ 1961ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸ್ಪೀಕರು, ಪೆಟ್ಟಿಗೆ ಇವುಗಳನ್ನು ವಿದ್ಯುತ್ ಮಂಡಲದಂತೆ ಗಣಿಸಿ ಲೆಕ್ಕ ಹಾಕುವ ದಾರಿ ತೋರಿಸಿದರು. ಆ ಪ್ರಬಂಧ ಹತ್ತು ವರ್ಷ ಹೊರಗಿನವರ ಕಣ್ಣಿಗೆ ಹೆಚ್ಚಾಗಿ ಬೀಳಲೇ ಇಲ್ಲ. 1971ರಲ್ಲಿ ಅದು ಅಮೆರಿಕದ ಧ್ವನಿ ಎಂಜಿನಿಯರರ ಪತ್ರಿಕೆಯಲ್ಲಿ ಮರುಮುದ್ರಣವಾಯಿತು. ಸಿಡ್ನಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದ ರಿಚರ್ಡ್ ಸ್ಮಾಲ್ ಅದನ್ನು ವಿಸ್ತರಿಸಿದರು. ಇಂದು ಸ್ಪೀಕರಿನ ಜೊತೆ ಬರುವ ಚೀಟಿಯಲ್ಲಿ ಥೀಲ್–ಸ್ಮಾಲ್ ಅಂಕಿಗಳಿರುತ್ತವೆ. ಅವುಗಳಲ್ಲಿ 'ಕ್ಯು' ಎಂಬುದು ಉಯ್ಯಾಲೆ ಎಷ್ಟು ಹೊತ್ತು ತೂಗುತ್ತದೆ ಎಂಬುದರ ಅಳತೆ. ಮುಚ್ಚಿದ ಪೆಟ್ಟಿಗೆಯಲ್ಲಿ ಒಟ್ಟು ಕ್ಯು ಸುಮಾರು 0.7 ಇದ್ದರೆ ಉಬ್ಬಿಲ್ಲದ, ಸಮನಾದ ಮಂದ್ರ. ಪೆಟ್ಟಿಗೆಯನ್ನು ಬೇಕಾದುದಕ್ಕಿಂತ ಚಿಕ್ಕದಾಗಿಸಿದರೆ ಕ್ಯು ಒಂದನ್ನು ದಾಟಿ, ಒಂದೇ ಸ್ವರ "ಗುಂಯ್" ಎಂದು ಎದ್ದು ನಿಲ್ಲುತ್ತದೆ. ನನ್ನ ಶಿಷ್ಯ ಕೇಳಿದ್ದು ಈ ಲಕ್ಷಣವನ್ನೇ.

ಕಾರಿಗೆ ಮಂದ್ರ ಇಳಿದು ಬರಲು ಇನ್ನೂ ಕೆಲವು ಸಾಮಗ್ರಿಗಳು ಕೂಡಿಬರಬೇಕಾಗಿತ್ತು. 12 ವೋಲ್ಟಿನ ಬ್ಯಾಟರಿಯಿಂದ 4 ಓಂ ಸ್ಪೀಕರಿಗೆ ನೇರವಾಗಿ ಸಿಗುವುದು 20 ವಾಟಿನ ಆಸುಪಾಸು ಮಾತ್ರ. ಆ ವೋಲ್ಟೇಜನ್ನು ಮೇಲಕ್ಕೆತ್ತುವ ಆಂಪ್ಲಿಫೈಯರುಗಳು ಬಂದ ಮೇಲೆ ಹಾಫ್‌ಮನ್ ನಿಯಮ ಕೇಳುವ ಕಪ್ಪವನ್ನು ಕಟ್ಟಲು ಸಾಧ್ಯವಾಯಿತು. 1982ರಲ್ಲಿ ಬಂದ ಸಿಡಿ ಮಂದ್ರವನ್ನು ಕೆಡಿಸದೆ ಕಾರಿನವರೆಗೆ ತಂದಿತು. ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗನಾಗಿ ಅಮೆರಿಕದಲ್ಲಿ ಹುಟ್ಟಿ, ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಅಮರ್ ಬೋಸ್ (1929–2013) ಅವರ ಕಂಪನಿ, 1980ರ ದಶಕದ ಆರಂಭದಲ್ಲಿ ಜನರಲ್ ಮೋಟಾರ್ಸ್ ಜೊತೆಗೂಡಿ, ಕಾರಿನ ಒಡಲಿಗೆ ತಕ್ಕಂತೆ ಅಳೆದು ರೂಪಿಸಿದ ಧ್ವನಿ ವ್ಯವಸ್ಥೆಯನ್ನು ಕಾರ್ಖಾನೆಯಲ್ಲೇ ಅಳವಡಿಸಿತು. 1990ರ ದಶಕದ ಮಾಜ್ಡಾ ಆರ್‌ಎಕ್ಸ್-7 ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನಲ್ಲಿ, ಉದ್ದನೆಯ ನಾಳವನ್ನು ಮಡಿಚಿ ಆಸನಗಳ ಹಿಂದೆ ಇಟ್ಟು ಮಂದ್ರ ಹೊರಡಿಸುವ ಬೋಸ್ ಯಂತ್ರವೂ ಲಭ್ಯವಿತ್ತು.

ಅದೇ ಮಾಜ್ಡಾ 1989ರಲ್ಲಿ ತೋರಿಸಿದ ಎಂಎಕ್ಸ್-5 ಇನ್ನೂ ಕಠಿಣವಾದ ಪರೀಕ್ಷೆ. ಬಟ್ಟೆಯ ಮಾಡು, ಎರಡೇ ಆಸನ. ಮೊದಲ ಮಾದರಿಯಲ್ಲಿ ಬ್ಯಾಟರಿ ಮತ್ತು ಹೆಚ್ಚುವರಿ ಚಕ್ರ ಎರಡೂ ಡಿಕ್ಕಿಯಲ್ಲೇ. ಡಿಕ್ಕಿಗೂ ಆಸನಗಳಿಗೂ ನಡುವೆ ಪೆಟ್ರೋಲ್ ಟ್ಯಾಂಕ್ ಮತ್ತು ತಗಡಿನ ಗೋಡೆ. ಡಿಕ್ಕಿಯಲ್ಲಿ ಸಬ್‌ವೂಫರ್ ಇಟ್ಟರೆ ಹಿಂದಿನ ಕಾರಿನವನಿಗೆ ಕೇಳಿಸೀತು, ನಮಗಲ್ಲ. ಆದುದರಿಂದಲೇ ಅನೇಕರು ಚಾಲಕನ ಪಕ್ಕದ ಆಸನದ ಕಾಲಿಡುವ ಜಾಗದಲ್ಲಿ ತೆಳುವಾದ ಮುಚ್ಚಿದ ಪೆಟ್ಟಿಗೆಯನ್ನು ಕೂರಿಸುತ್ತಾರೆ.

ಆದರೆ ಇಲ್ಲೊಂದು ಅಚ್ಚರಿಯಿದೆ. ಕಾರಿನ ಒಳಗಣ ಉದ್ದ ಸುಮಾರು 2 ಮೀಟರ್ ಎಂದಿಟ್ಟುಕೊಳ್ಳೋಣ. ಅರ್ಧ ತರಂಗವೂ ಹಿಡಿಸದಷ್ಟು ಉದ್ದನೆಯ ಅಲೆಗಳಿಗೆ, ಅಂದರೆ ಸುಮಾರು 86 ಹರ್ಟ್ಸ್‌ಗಿಂತ ಕೆಳಗಿನವಕ್ಕೆ, ಕಾರಿನ ಒಳಗು ಕೋಣೆಯಂತಿರದೆ ಸೈಕಲ್ ಪಂಪಿನಂತೆ ಇರುತ್ತದೆ. ಎಲ್ಲೆಡೆ ಒತ್ತಡ ಒಟ್ಟಿಗೇ ಏರಿಳಿಯುತ್ತದೆ. ಸಿದ್ಧಾಂತದ ಪ್ರಕಾರ ಸ್ವರ ಒಂದೊಂದು ಸ್ಥಾಯಿ ಕೆಳಗಿಳಿದಂತೆ 12 ಡೆಸಿಬೆಲ್‌ವರೆಗೆ ಲಾಭ. ಮುಚ್ಚಿದ ಪೆಟ್ಟಿಗೆಯ ಶಬ್ದ ಕಡಿಮೆಯಾಗುತ್ತ ಹೋಗುವುದೂ ಸ್ಥಾಯಿಗೆ 12 ಡೆಸಿಬೆಲ್ ಪ್ರಮಾಣದಲ್ಲಿಯೇ. ಒಂದರ ನಷ್ಟವನ್ನು ಇನ್ನೊಂದರ ಲಾಭ ತುಂಬಿಕೊಡುತ್ತದೆ! ಕಾರು ಚಿಕ್ಕದಾದಷ್ಟೂ ಈ ಲಾಭ ಬೇಗನೆ ಆರಂಭವಾಗುತ್ತದೆ. ತಗಡು ನಡುಗುವುದರಿಂದ, ಸಂದಿಗಳು ಸೋರುವುದರಿಂದ ಪೂರ್ಣ ಲಾಭ ದೊರೆಯದು. ಮಾಡು ತೆರೆದರಂತೂ ಅದು ಗಾಳಿಗೆ ಹೋಯಿತು. ಆದರೂ ಶಾಪವೆಂದು ತೋರಿದ ಕಿರಿದುತನವೇ ವರವಾಗುವ ಈ ಲೆಕ್ಕ ನನಗೆ ಬಹಳ ಪ್ರಿಯ.

ಆದುದರಿಂದ ಶಿಷ್ಯನಿಗೆ ನನ್ನ ಉತ್ತರವಿಷ್ಟು. ರಂಧ್ರವಿರುವ ಪೆಟ್ಟಿಗೆ ಬೇಡ, ಮುಚ್ಚಿದ ಪೆಟ್ಟಿಗೆಯಿರಲಿ. ಸ್ಪೀಕರಿನ ಅಂಕಿಗಳನ್ನು ನೋಡಿ ಅದರ ಗಾತ್ರವನ್ನು ನಿರ್ಧರಿಸು. ದಪ್ಪ ಹಲಗೆಯಿಂದ ಮಾಡಿಸು, ಸಂದಿಗಳನ್ನು ಸೋರದಂತೆ ಮುಚ್ಚಿಸು, ಒಳಗೆ ಎಳೆ ತುಂಬಿಸು. ಪೆಟ್ಟಿಗೆಯನ್ನು ಕಾರಿನ ಒಡಲಿಗೆ ಭದ್ರವಾಗಿ ಬಿಗಿ. ಸುಮಾರು 80 ಹರ್ಟ್ಸ್‌ಗಿಂತ ಮೇಲಿನದನ್ನು ಮುಂದಿನ ಸ್ಪೀಕರುಗಳಿಗೆ ಬಿಟ್ಟುಬಿಡು. ಅದಕ್ಕಿಂತ ಕೆಳಗಿನ ಶಬ್ದ ಯಾವ ದಿಕ್ಕಿನಿಂದ ಬಂದಿತೆಂದು ಕಿವಿಗೆ ಸುಲಭವಾಗಿ ತಿಳಿಯದು. ಸಬ್‌ವೂಫರಿನ ತಂತಿಗಳೆರಡನ್ನು ಒಮ್ಮೆ ಅದಲುಬದಲು ಮಾಡಿ ಕೇಳು, ಯಾವುದರಲ್ಲಿ ಡೋಲು ಮುಂದಿನಿಂದ ಬಂದಂತೆ ತೋರುವುದೋ ಅದೇ ಸರಿ. ನಂಬರ್ ಪ್ಲೇಟು, ಬಾಗಿಲ ಒಳಹಲಗೆ ಇವು ಲಟಲಟ ಎನ್ನದಂತೆ ನೋಡಿಕೋ. ಕಡೆಯದಾಗಿ, ಸಬ್‌ವೂಫರ್ ಕೆಲಸ ಮಾಡುತ್ತಿದೆಯೆಂದು ಗೊತ್ತಾಗದಷ್ಟಕ್ಕೆ ಅದರ ಪ್ರಮಾಣವನ್ನು ಇಳಿಸು. ಆರಿಸಿದಾಗ ಮಾತ್ರ ಏನೋ ಕಳೆದುಹೋಯಿತೆನಿಸಬೇಕು.

ವಿಲ್ಚರ್ ಅವರ ಉತ್ತರಾರ್ಧದ ಬದುಕನ್ನು ಹೇಳದೆ ಮುಗಿಸಲಾರೆ. 1967ರಲ್ಲಿ ಕಂಪನಿಯನ್ನು ಮಾರಿದ ಬಳಿಕ ಅವರು ಕಿವುಡರ ಶ್ರವಣ ಸಾಧನಗಳ ಸಂಶೋಧನೆಗೆ ತೊಡಗಿದರು. ಬೇರೆ ಬೇರೆ ಆವೃತ್ತಿಗಳ ಶಬ್ದವನ್ನು ಬೇರೆಯಾಗಿಯೇ ಹಿಗ್ಗಿಸಿ ಕುಗ್ಗಿಸುವ ವಿಧಾನವನ್ನು 1973ರಲ್ಲಿ ಪ್ರಕಟಿಸಿ, ಅದಕ್ಕೆ ಪೇಟೆಂಟ್ ಪಡೆಯದೆ ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟರು. ಅದು ಮುಂದೆ ಶ್ರವಣ ಸಾಧನಗಳ ರೂಪವನ್ನೇ ಬದಲಿಸಿತು. ಚೊಕ್ಕಟವಾದ ಶಬ್ದವನ್ನು ಕೊಟ್ಟವರೇ ಅದನ್ನು ಕೇಳುವ ಕಿವಿಯ ಚಿಂತೆಯನ್ನೂ ಮಾಡಿದರು. ಕೆಲಸದ ಸ್ಥಳದಲ್ಲಿ 85 ಡೆಸಿಬೆಲ್ ಶಬ್ದವನ್ನು ದಿನಕ್ಕೆ 8 ಗಂಟೆಗಿಂತ ಹೆಚ್ಚು ಕೇಳಬಾರದೆಂದು ತಜ್ಞರು ಹೇಳುತ್ತಾರೆ. ಮುಚ್ಚಿದ ಪುಟ್ಟ ಕಾರಿನಲ್ಲಿ ಆ ಮಿತಿಯನ್ನು ದಾಟಲು ಗುಂಡಿಯನ್ನು ಒಂದಿಷ್ಟು ತಿರುಗಿಸಿದರೆ ಸಾಕು. ಒಳಗಿವಿಯಲ್ಲಿ ಒಮ್ಮೆ ಸತ್ತ ಸೂಕ್ಷ್ಮ ರೋಮಕೋಶಗಳು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಒಳ್ಳೆಯ ಮಂದ್ರಕ್ಕೆ ಗದ್ದಲ ಬೇಕಿಲ್ಲ, ಹದ ಬೇಕು. ನನ್ನ ಮಕ್ಕಳಂತಿರುವ ನೀವೆಲ್ಲರೂ ನನ್ನ ವಯಸ್ಸಿಗೆ ಬಂದಾಗಲೂ ತಂಬೂರಿಯ ಮಂದ್ರದ ತಂತಿ ನಿಮ್ಮ ಕಿವಿಗೆ ಇಂಪಾಗಿಯೇ ಕೇಳಿಸುತ್ತಿರಲಿ.