ಬೇಲಿಯೊಳಗೆ ಹುಟ್ಟಿದವರು

ಮಾಟುಂಗದಲ್ಲಿ 1926ರಲ್ಲಿ ಮೈಸೂರು ಅಸೋಸಿಯೇಶನ್ ಹುಟ್ಟಿದಾಗ ಹುಬ್ಬಳ್ಳಿ, ಗದಗ, ವಿಜಾಪುರಗಳು ಮುಂಬಯಿ ಸರಕಾರದ ಆಳ್ವಿಕೆಯಲ್ಲೇ ಇದ್ದವು. ಆ ಊರುಗಳಿಂದ ರೈಲು ಹತ್ತಿ ಬಂದು ಮುಂಬಯಿಯಲ್ಲಿ ಬದುಕು ಕಟ್ಟಿಕೊಂಡವರ ಕಥೆಯನ್ನು ಇಲ್ಲಿನ ಕನ್ನಡಿಗರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅದೇ ಊರುಗಳಲ್ಲಿ, ಅದೇ ಸರಕಾರದ ಕೈಕೆಳಗೆ, ಪಾಸ್ ಇಲ್ಲದೆ ಬೇಲಿ ದಾಟಲಾಗದೆ ಉಳಿದ ಕುಟುಂಬಗಳೂ ಇದ್ದವು. ಅವರ ಕಥೆ ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ.

ಬ್ರಿಟಿಷರು 1871ರಲ್ಲಿ ತಂದ ಕ್ರಿಮಿನಲ್ ಟ್ರೈಬ್ಸ್ ಕಾಯಿದೆ ಮೊದಲು ಉತ್ತರ ಭಾರತದಲ್ಲಿ ಜಾರಿಯಾಯಿತು. 1911ರ ಹೊಸ ಕಾಯಿದೆ ಅದನ್ನು ಮುಂಬಯಿ, ಮದ್ರಾಸು ಪ್ರಾಂತಗಳಿಗೂ ವಿಸ್ತರಿಸಿತು. ಒಬ್ಬನ ಮೇಲೆ ಕಳವು ಸಾಬೀತಾಗಬೇಕೆಂಬ ಗೊಡವೆಯೇ ಅಲ್ಲಿರಲಿಲ್ಲ. ಸರಕಾರ ಗೆಜೆಟ್ಟಿನಲ್ಲಿ ಪ್ರಕಟಿಸಿದರೆ ಇಡೀ ಸಮುದಾಯವೇ ಅಪರಾಧಿಯಾಗುತ್ತಿತ್ತು. ಹರಣಶಿಕಾರಿ, ಗಂಟಿಚೋರ, ಛಪ್ಪರಬಂದ್, ಕೊರಮ, ಕಂಜಾರಭಾಟರ ಮೇಲೆ ಈ ಮುದ್ರೆ ಬಿತ್ತು. ಬೆರಳಚ್ಚು ಕೊಡಬೇಕು, ಹೇಳಿದ ಹೊತ್ತಿಗೆ ಹಾಜರಿ ಹಾಕಬೇಕು, ಬಿಡಾರ ಬದಲಿಸಿದರೆ ತಿಳಿಸಬೇಕು. ಪಟ್ಟಿಯಲ್ಲಿದ್ದವನು ನಿಗದಿತ ಅಪರಾಧಗಳಲ್ಲಿ ಎರಡನೆಯ ಸಲ ಸಿಕ್ಕಿಬಿದ್ದರೆ ಕನಿಷ್ಠ ಏಳು ವರ್ಷ ಸೆರೆ, ಮೂರನೆಯ ಸಲಕ್ಕೆ ಜೀವಮಾನದ ಕರಿನೀರು.

ಅವರಲ್ಲಿ ಕಳವು ಮಾಡುವವರು ಇರಲೇ ಇಲ್ಲವೆಂದಲ್ಲ. ಆದರೆ ಎತ್ತುಗಳ ಮೇಲೆ ಉಪ್ಪು, ಧಾನ್ಯ ಹೇರಿ ಊರೂರು ತಿರುಗುತ್ತಿದ್ದ ಕೊರಮರ ವ್ಯಾಪಾರವನ್ನು ರೈಲು ಕಸಿಯಿತು, ಸರಕಾರದ ಉಪ್ಪಿನ ನೀತಿ ಮುಗಿಸಿತು. ಬೇಟೆಯನ್ನೇ ನಂಬಿದವರಿಗೆ ಅರಣ್ಯ ಕಾಯಿದೆಗಳು ಕಾಡಿನ ಬಾಗಿಲು ಹಾಕಿದವು. ಹೊಟ್ಟೆಪಾಡು ಕಿತ್ತುಕೊಂಡ ಆಡಳಿತವೇ ಅವರನ್ನು ಹುಟ್ಟುಕಳ್ಳರೆಂದು ಬರೆದಿಟ್ಟಿತು. ಇದಕ್ಕಿಂತ ದೊಡ್ಡ ಅನ್ಯಾಯ ಯಾವುದಿದ್ದೀತು?

1910ರ ಸುಮಾರಿಗೆ ಓ.ಎಚ್.ಬಿ. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ವಿಜಾಪುರದಲ್ಲಿ ಇಂಥವರ ಸೆಟ್ಲಮೆಂಟಿನ ಕೆಲಸ ಶುರುಮಾಡಿದರು. ಮುಂದೆ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲೂ ಸೆಟ್ಲಮೆಂಟುಗಳು ಎದ್ದವು. ಸುತ್ತ ತಂತಿಬೇಲಿ, ಒಳಗೆ ಗುಡಿಸಲು, ಶಾಲೆ. ಸೊಲ್ಲಾಪುರದಲ್ಲಿ ಗಿರಣಿಗಳಿದ್ದವು, ಗಿರಣಿಗಳಿಗೆ ಅಗ್ಗದ ಆಳು ಬೇಕಿತ್ತು. ಬೆಳಿಗ್ಗೆ ಪಾಸ್ ಹಿಡಿದು ಪಾಳಿಗೆ ಹೋಗುವುದು, ಸಂಜೆ ಬಂದು ಹಾಜರಿ ಕೊಡುವುದು. ತಪ್ಪಿಸಿಕೊಂಡವರನ್ನು ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಮಕ್ಕಳನ್ನು ತಂದೆತಾಯಿಯಿಂದ ಬೇರ್ಪಡಿಸಿ ಬೇರೆ ಶಾಲೆಯಲ್ಲಿಡುವ ಅಧಿಕಾರವನ್ನೂ ಕಾಯಿದೆ ಕೊಟ್ಟಿತ್ತು.

ಇದನ್ನು ಸುಧಾರಣೆಯೆಂದೇ ಸ್ಟಾರ್ಟ್ ನಂಬಿದ್ದರು. ಕೆಲವು ವರ್ಷ ತಂಟೆತಕರಾರಿಲ್ಲದೆ ಬಾಳಿದ ಕುಟುಂಬವನ್ನು ಬೇಲಿಯಾಚೆಗಿನ ಫ್ರೀ ಕಾಲೊನಿಗೆ ಕಳಿಸುವ ಏರ್ಪಾಡೂ ಇತ್ತು. ಓದು ಕಲಿತವರಿದ್ದರು, ಕಸುಬು ಕಲಿತವರಿದ್ದರು. ಆದರೆ ಯಾವ ತಪ್ಪನ್ನೂ ಮಾಡದೆ ಒಳಗೆ ಬಂದವನು ತಾನು ಒಳ್ಳೆಯವನೆಂದು ವರ್ಷಗಟ್ಟಲೆ ರುಜುವಾತು ಮಾಡಿ ತೋರಿಸಬೇಕಾಗಿತ್ತು.

ಇದೇ ಸ್ಟಾರ್ಟ್ ಅಧ್ಯಕ್ಷತೆಯಲ್ಲಿ 1928ರಲ್ಲಿ ಮುಂಬಯಿ ಸರಕಾರ ನೇಮಿಸಿದ ಸಮಿತಿ ಅಸ್ಪೃಶ್ಯರ ಮತ್ತು ಆದಿವಾಸಿಗಳ ಸ್ಥಿತಿಗತಿ ಪರಿಶೀಲಿಸಿ 1930ರಲ್ಲಿ ವರದಿ ಕೊಟ್ಟಿತು. ಅದರ ಸದಸ್ಯರಲ್ಲಿ ಡಾ. ಬಿ.ಆರ್. ಅಂಬೇಡ್ಕರ್ ಒಬ್ಬರು. 1948ರಲ್ಲಿ ಪ್ರಕಟವಾದ ಅಸ್ಪೃಶ್ಯರ ಕುರಿತ ಪುಸ್ತಕದ ಮುನ್ನುಡಿಯಲ್ಲಿ ಅವರು ಅಸ್ಪೃಶ್ಯರು, ಆದಿವಾಸಿಗಳ ಜತೆಗೆ ಅಪರಾಧಿಗಳೆಂಬ ಮುದ್ರೆ ಬಿದ್ದ ಸಮುದಾಯಗಳನ್ನೂ ಹೆಸರಿಸಿ, ಇಂಥ ವರ್ಗಗಳನ್ನು ಸೃಷ್ಟಿಸಿದ ನಾಗರಿಕತೆಯನ್ನೇ ಕಟಕಟೆಯಲ್ಲಿ ನಿಲ್ಲಿಸಿದರು.

ಬಿಡುಗಡೆ ಒಂದೇಟಿಗೆ ಬರಲಿಲ್ಲ. 1937ರಲ್ಲಿ ಮುಂಬಯಿಯಲ್ಲಿ ಅಧಿಕಾರ ಹಿಡಿದ ಕಾಂಗ್ರೆಸ್ ಸರಕಾರ ಕೆ.ಎಂ. ಮುನ್ಷಿ ಅಧ್ಯಕ್ಷತೆಯಲ್ಲಿ ವಿಚಾರಣಾ ಸಮಿತಿ ರಚಿಸಿತು. ಕಾಯಿದೆ ಮುಂಬಯಿ ಪ್ರಾಂತದಲ್ಲಿ ರದ್ದಾಗಲು 1949 ಬರಬೇಕಾಯಿತು, ಅದೂ ದೇಶ ಸ್ವತಂತ್ರವಾಗಿ ಎರಡು ವರ್ಷ ಕಳೆದ ಮೇಲೆ. ಕೇಂದ್ರ ಸರಕಾರ ನೇಮಿಸಿದ ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ನಂತರ 1952ರ ಆಗಸ್ಟ್ 31ರಿಂದ ದೇಶಾದ್ಯಂತ ಅದು ಇಲ್ಲವಾಯಿತು. ಆ ದಿನವನ್ನು ಈ ಸಮುದಾಯಗಳು ಇಂದಿಗೂ ವಿಮುಕ್ತ ದಿನವೆಂದು ಆಚರಿಸುತ್ತವೆ.

ಹುಟ್ಟಿದ್ದೇ ತಪ್ಪೆಂದು ಬೇಲಿಯೊಳಗಿಡುವುದು ಲೋಕದಲ್ಲಿ ಅಲ್ಲಿಗೇ ಮುಗಿಯಲಿಲ್ಲ. ಸಿರಿಯಾದ ಅಲ್ ಹೋಲ್ ಶಿಬಿರವನ್ನು ಇಲ್ಲಿ ನೆನೆಯಬೇಕು. 2019ರಲ್ಲಿ ಐಸಿಸ್ ಸೋತ ಮೇಲೆ ಅಲ್ಲಿ ಅದರವರ ಕುಟುಂಬಗಳೂ ಸೇರಿ 70,000ಕ್ಕೂ ಹೆಚ್ಚು ಜನ ತುಂಬಿದರು, ಬಹುಪಾಲು ಹೆಂಗಸರು, ಮಕ್ಕಳು. ಎರಡೂ ಒಂದೇ ಅಲ್ಲ. ಐಸಿಸ್ ನಿಜವಾಗಿ ನರಮೇಧ ನಡೆಸಿದ ಸಂಘಟನೆ, ಹರಣಶಿಕಾರಿಗಳು ಬೇಟೆ ಕಳೆದುಕೊಂಡ ಬಡವರು. ಆದರೆ ತಂದೆಯ ಗುರುತನ್ನೇ ಕೂಸಿನ ತಪ್ಪೆಂದು ಬರೆದುಕೊಂಡು ಬೇಲಿಯೊಳಗೆ ಬೆಳೆಸುವ ಕ್ರಮವನ್ನು ಹುಬ್ಬಳ್ಳಿ, ಸೊಲ್ಲಾಪುರಗಳು ನೂರು ವರ್ಷ ಮೊದಲೇ ಕಂಡಿದ್ದವು.

ಸೆಟ್ಲಮೆಂಟುಗಳ ಬೇಲಿ ಕಿತ್ತಮೇಲೆ ಜನರಿಗೆ ಕೊಡಲು ಭೂಮಿ ಇರಲಿಲ್ಲ, ಕಾಯಂ ಕೆಲಸವೂ ಇರಲಿಲ್ಲ. ರೂಢಿಗತ ಅಪರಾಧಿಗಳ ಕಾಯಿದೆಗಳು ಮಾತ್ರ ಬಂದವು, 1959ರಲ್ಲಿ ಮುಂಬಯಿಯದು, 1961ರಲ್ಲಿ ಅಂದಿನ ಮೈಸೂರು, ಇಂದಿನ ಕರ್ನಾಟಕ ರಾಜ್ಯದ್ದು. ಜಾತಿಯ ಹೆಸರು ಅವುಗಳಲ್ಲಿ ಇಲ್ಲ. ಆದರೂ ಊರಲ್ಲಿ ಕಳುವಾದರೆ ಪೊಲೀಸರು ಮೊದಲು ಇವರ ಓಣಿಗೇ ಬಂದರು. ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ಆ ಬಡಾವಣೆಗಳಿಗೆ ಸೆಟ್ಲಮೆಂಟ್ ಎಂಬ ಹೆಸರೇ ಉಳಿದಿದೆ. ವಿಳಾಸ ಬರೆದರೆ ಸಾಕು, ಕೆಲಸ ಕೊಡುವವನಿಗೆ ಜಾತಿ ತಿಳಿಯುತ್ತದೆ.

ಜಾತಿಯ ಈ ಗುರುತು ಜೈಲಿನೊಳಗೂ ಹಿಂಬಾಲಿಸುತ್ತಿತ್ತು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆಯ ಅರ್ಜಿಯ ಮೇಲೆ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್, ಜೈಲುಗಳ ಕೈಪಿಡಿಗಳಲ್ಲಿದ್ದ ಜಾತಿ ತಾರತಮ್ಯದ ನಿಯಮಗಳನ್ನು ಅಸಾಂವಿಧಾನಿಕವೆಂದು ಹೊಡೆದುಹಾಕಿತು. ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಬೇಕು, ಮೂರು ತಿಂಗಳೊಳಗೆ ರಾಜ್ಯಗಳು ಕೈಪಿಡಿ ತಿದ್ದಬೇಕು, ವಿಮುಕ್ತ ಸಮುದಾಯದವರನ್ನು ಪೊಲೀಸರು ಮನಬಂದಂತೆ ಬಂಧಿಸಬಾರದು ಎಂದು ಆದೇಶಿಸಿತು. ಮುಂಬಯಿ ಪ್ರಾಂತದ ಕಾಯಿದೆ ರದ್ದಾಗಿ ಅಷ್ಟು ಹೊತ್ತಿಗೆ 75 ವರ್ಷ ತುಂಬಿತ್ತು.