ಅಂಕಪಟ್ಟಿಯಲ್ಲಿ ಇಲ್ಲದ ಕಾವು

ನಮ್ಮಜ್ಜಿಯ ಕೋಳಿಗಳು ಕಾವಿಗೆ ಕೂರೋದು ಬಿಟ್ಟಿದ್ದು ನನ್ನಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಡ್ತೀನಿ.

ಮೂರು ವರ್ಷದ ಹಿಂದೆ ಯುಗಾದಿಗೆ ಊರಿಗೆ ಹೋಗುವಾಗ ದಾರಿಯಲ್ಲಿ ಒಂದು ಹುಂಜ ಕಣ್ಣಿಗೆ ಬಿತ್ತು. ನಾಲ್ಕು ಕೆಜಿ ಹತ್ತಿರ ಇತ್ತು, ಬೆಂಕಿ ಬಣ್ಣ, ನಡಿಗೆಯಲ್ಲೇ ಗತ್ತು. ಅಜ್ಜಿಯ ಹುಂಜ ಎರಡು ಕೆಜಿಯೂ ತೂಗುತ್ತಿರಲಿಲ್ಲ. ‘ತಳಿ ಇಂಪ್ರೂವ್ ಮಾಡೋಣ’ ಅಂತ ದುಡ್ಡು ಕೊಟ್ಟು ತಂದೆ. ಹಳೇ ಹುಂಜ ವರ್ಷತೊಡಕಿನ ಸಾರಿಗೆ ಹೋಯಿತು. ಮೊದಲ ವರ್ಷ ಎಲ್ಲರೂ ಹೊಗಳಿದ್ದೇ ಹೊಗಳಿದ್ದು. ಮರಿಗಳು ದಪ್ಪ, ಯಾಟೆಗಳು ಬೇಗ ಮೊಟ್ಟೆಗೆ ಬಂದವು, ಮೊಟ್ಟೆಯೂ ಜಾಸ್ತಿ. ಎರಡನೇ ವರ್ಷ ಅಜ್ಜಿ ಫೋನ್ ಮಾಡಿದರು. ‘ಮಗಾ, ಮೊಟ್ಟೆ ಬುಟ್ಟಿ ತುಂಬ ಐತೆ. ಕಾವಿಗೆ ಕೂರೋಳು ಒಬ್ಳೂ ಇಲ್ಲ.’

ಬೆಂಗಳೂರಲ್ಲಿ ಕೂತು ಕೇಳಿದಾಗ ಇದೇನು ದೊಡ್ಡ ವಿಷಯ ಅನ್ನಿಸಿತ್ತು. ಆದರೆ ಇಪ್ಪತ್ತೊಂದು ದಿನ ಜಾಗ ಬಿಟ್ಟೇಳದೆ ಕೂರೋ ಹೇಟೆ ಇಲ್ಲದಿದ್ದರೆ ಅಜ್ಜಿಯ ಮನೆಯಲ್ಲಿ ಮೊಟ್ಟೆ ಇರುತ್ತೆ, ಕೋಳಿ ಇರೋದಿಲ್ಲ. ಮುಂದಿನ ಮರಿಗೆ ಯಾರದೋ ಇನ್‌ಕ್ಯುಬೇಟರ್ ಹುಡುಕಬೇಕು. ಆಕೆಯ ಅತ್ತೆಯ ಕಾಲದಿಂದ ತಾನಾಗಿ ನಡೆದು ಬಂದ ಹಿಂಡು ನನ್ನ ಒಂದು ಹುಂಜಕ್ಕೆ ನಿಂತುಹೋಗುವ ಹಾಗಾಯಿತು.

ತಪ್ಪು ಎಲ್ಲಾಯಿತು ಅಂತ ಹುಡುಕುತ್ತಾ ಹೊರಟವನು ಕೋಳಿಗಳ ಇತಿಹಾಸಕ್ಕೆ ಬಿದ್ದೆ. ಅಲ್ಲಿ ಗೊತ್ತಾಗಿದ್ದು, ಈ ತಪ್ಪನ್ನು ನನಗಿಂತ ಬಹಳ ದೊಡ್ಡವರು, ಬಹಳ ದೊಡ್ಡ ಮಟ್ಟದಲ್ಲಿ ಮಾಡಿದ್ದಾರೆ. ಅದರಲ್ಲೂ ಅಮೆರಿಕದವರು ಎಲ್ಲವನ್ನೂ ಬರೆದಿಟ್ಟಿರುವುದರಿಂದ ಅವರ ಕಥೆ ಹಿಂಬಾಲಿಸೋದು ಸುಲಭ.

ಅಲ್ಲಿ ಕೋಳಿ ಹುಚ್ಚು ಹಿಡಿದದ್ದು 1849ರಲ್ಲಿ. ಆ ನವೆಂಬರಿನಲ್ಲಿ ಬಾಸ್ಟನ್ನಿನ ಪಬ್ಲಿಕ್ ಗಾರ್ಡನ್‌ನಲ್ಲಿ ಕೋಳಿಗಳ ಪ್ರದರ್ಶನ ನಡೆಯಿತು. ಚೀನಾದಿಂದ ಹಡಗಿನಲ್ಲಿ ಬಂದಿದ್ದ ಭಾರೀ ಗಾತ್ರದ ಕೋಳಿಗಳನ್ನು ನೋಡಿ ಜನ ಬೆರಗಾದರು. ಜಾರ್ಜ್ ಬರ್ನ್‌ಹ್ಯಾಮ್ ಎಂಬ ವ್ಯಾಪಾರಿ 1852ರಲ್ಲಿ ವಿಕ್ಟೋರಿಯಾ ರಾಣಿಗೇ ಒಂಬತ್ತು ಕೋಳಿ ಉಡುಗೊರೆ ಕಳಿಸಿದ. ಕೋಳಿಗಳ ಬೆಲೆ ಗಗನಕ್ಕೇರಿತು. ಮೂರೇ ವರ್ಷಕ್ಕೆ, 1855ರಲ್ಲಿ, ಈ ಹುಚ್ಚನ್ನು ಗೇಲಿ ಮಾಡುವ ಪುಸ್ತಕವನ್ನೂ ಅವನೇ ಬರೆದ! ಸ್ಟಾರ್ಟಪ್ ಮಾರಿ ಆಮೇಲೆ ಸ್ಟಾರ್ಟಪ್‌ಗಳ ಬಗ್ಗೆ ಜೋಕ್ ಮಾಡುವವರನ್ನು ನಾವೂ ನೋಡಿದ್ದೀವಲ್ಲ, ಹಾಗೆ.

ಹುಚ್ಚು ಇಳಿದ ಮೇಲೆ ಉಳಿದವರು ನಿಜವಾದ ತಳಿಗಾರರು. ಅವರಲ್ಲಿ ನನಗೆ ತುಂಬಾ ಹಿಡಿಸಿದವನು ಮ್ಯಾಸಚೂಸೆಟ್ಸ್‌ನ ನೇಟಿಕ್ ಊರಿನ ಐಸಾಕ್ ಫೆಲ್ಚ್. ಇವನು ಸಾಕುತ್ತಿದ್ದದ್ದು ಲೈಟ್ ಬ್ರಹ್ಮಾ ಕೋಳಿ. ಹೌದು, ನಮ್ಮ ಬ್ರಹ್ಮಪುತ್ರಾ ನದಿಯ ಹೆಸರೇ ಮೊಟಕಾಗಿ ಬ್ರಹ್ಮಾ ಆಗಿದೆ. ಫೆಲ್ಚ್ ಜೋಡಿ ಹಾಕೋದಕ್ಕೆ ಒಂದು ನಕ್ಷೆಯನ್ನೇ ಬರೆದ. ಇವತ್ತಿಗೂ ಕೋಳಿ ಸಾಕುವವರು ಅದನ್ನು ಫೆಲ್ಚ್ ಚಾರ್ಟ್ ಅಂತಲೇ ಕರೀತಾರೆ.

ಲೆಕ್ಕ ಸರಳ. ಒಂದು ಹುಂಜ, ಒಂದು ಹೇಟೆ. ಮರಿಗಳಲ್ಲಿ ಇಬ್ಬರ ರಕ್ತವೂ ಅರ್ಧರ್ಧ. ಒಳ್ಳೇ ಮಗಳನ್ನು ತಂದೆ ಹುಂಜದ ಜೊತೆ ಬಿಟ್ಟರೆ ಆ ಮರಿಗಳಲ್ಲಿ ತಂದೆಯ ರಕ್ತ ಮುಕ್ಕಾಲು. ಒಳ್ಳೇ ಮಗನನ್ನು ತಾಯಿ ಜೊತೆ ಬಿಟ್ಟರೆ ತಾಯಿಯದು ಮುಕ್ಕಾಲು. ಹೀಗೆ ಎರಡು ಸಾಲು ಬೆಳೆಯುತ್ತವೆ. ಆಮೇಲೆ ಆ ಸಾಲಿನ ಹುಂಜಕ್ಕೆ ಈ ಸಾಲಿನ ಹೇಟೆ ತಂದರೆ ಮತ್ತೆ ಅರ್ಧರ್ಧ! ಒಡಹುಟ್ಟಿದವರನ್ನು ಜೋಡಿ ಹಾಕದೆ, ಹೊರಗಿನ ರಕ್ತವನ್ನೂ ತರದೆ ಹಿಂಡು ನಡೆಸಬಹುದು. ನಮ್ಮ ಕಡೆ ಹಿರಿಯರು ಗೋತ್ರ, ಬೆಡಗು, ಸೋದರಮಾವ ಅಂತ ಬಾಯಲ್ಲೇ ಹಾಕುತ್ತಿದ್ದ ಲೆಕ್ಕವನ್ನು ಈತ ಕಾಗದಕ್ಕೆ ಇಳಿಸಿದ.

ಆದರೆ ‘ಒಳ್ಳೇ ಮಗಳು’ ಅಂದರೆ ಯಾರು? ಅದನ್ನು ನಕ್ಷೆ ಹೇಳೋದಿಲ್ಲ. ಅದನ್ನು ಹೇಳುತ್ತಿದ್ದದ್ದು ಅಂಕಪಟ್ಟಿ. 1873ರಲ್ಲಿ ಅಮೆರಿಕನ್ ಪೌಲ್ಟ್ರಿ ಅಸೋಸಿಯೇಷನ್ ಹುಟ್ಟಿತು. ಮರುವರ್ಷವೇ ಪ್ರತಿ ತಳಿಯೂ ಹೇಗಿರಬೇಕು ಅನ್ನುವ ಪುಸ್ತಕ ಬಂತು. ಗರಿಯ ಬಣ್ಣ, ಜುಟ್ಟಿನ ಆಕಾರ, ಬೆನ್ನಿನ ಓರೆ, ಒಂದೊಂದಕ್ಕೂ ಮಾತು. ಪ್ರದರ್ಶನದ ಪಂಜರದಲ್ಲಿ ಎರಡು ದಿನ ಕೂರುವ ಹೇಟೆ ವರ್ಷಕ್ಕೆ ಎಷ್ಟು ಮೊಟ್ಟೆ ಇಡುತ್ತಾಳೆ ಅಂತ ತೀರ್ಪುಗಾರನಿಗೆ ಹೇಗೆ ಗೊತ್ತಾಗಬೇಕು? ಹಾಗಾಗಿ ಗರಿಗೆ ಬಹುಮಾನ ಬಂತು. ಮೊಟ್ಟೆಯನ್ನು ಯಾರೂ ಕೇಳಲಿಲ್ಲ.

ಮೊಟ್ಟೆ ಎಣಿಸಲು ಹೊರಟವರೂ ಇದ್ದರು. ಮೇನ್ ರಾಜ್ಯದ ಕೃಷಿ ಸಂಶೋಧನಾ ಕೇಂದ್ರದಲ್ಲಿ 1898ರಲ್ಲಿ ಒಂದು ಪ್ರಯೋಗ ಶುರುವಾಯಿತು. ಹೇಟೆ ಒಳಗೆ ಹೋದ ಕೂಡಲೇ ಬಾಗಿಲು ಮುಚ್ಚಿಕೊಳ್ಳುವ ಗೂಡು ಮಾಡಿದರು. ಯಾವ ಮೊಟ್ಟೆ ಯಾರದು ಅಂತ ಪಕ್ಕಾ ಲೆಕ್ಕ ಸಿಕ್ಕಿತು. ವರ್ಷಕ್ಕೆ 160ಕ್ಕಿಂತ ಕಮ್ಮಿ ಇಟ್ಟವಳು ತಳಿಗೆ ಬೇಡ. ಹುಂಜದ ತಾಯಿ 200 ಇಟ್ಟಿರಬೇಕು. ಬರೀ ಟಾಪ್ ಪರ್ಫಾರ್ಮರ್‌ಗಳು! ಸುಮಾರು ಒಂಬತ್ತು ವರ್ಷ ಹೀಗೆ ನಡೆಸಿದರು. ಹಿಂಡಿನ ಸರಾಸರಿ ಮೇಲೇಳಲೇ ಇಲ್ಲ.

1907ರಲ್ಲಿ ಅಲ್ಲಿಗೆ ಬಂದ ರೇಮಂಡ್ ಪರ್ಲ್ ಹಳೇ ಪುಸ್ತಕಗಳನ್ನು ಬಿಡಿಸಿ ಕೂತ. ಅವನು ನೋಡಿದ್ದು ತಾಯಂದಿರನ್ನಲ್ಲ, ಹೆಣ್ಣುಮಕ್ಕಳನ್ನು. 200 ಮೊಟ್ಟೆ ಇಟ್ಟವಳ ಹೆಣ್ಣುಮಕ್ಕಳು ಉಳಿದವರಿಗಿಂತ ಹೆಚ್ಚೇನೂ ಇಡುತ್ತಿರಲಿಲ್ಲ. ಒಬ್ಬಳು ಚೆನ್ನಾಗಿ ಇಡೋದಕ್ಕೆ ಮೇವು, ಹವಾಮಾನ, ಅದೃಷ್ಟ ಎಲ್ಲ ಸೇರಿರುತ್ತೆ. ಅದು ಮಕ್ಕಳಿಗೆ ದಾಟಬೇಕು ಅಂತೇನಿಲ್ಲ. ಹಾಗಾಗಿ ಯಾವ ಜೋಡಿಯ ಹೆಣ್ಣುಮಕ್ಕಳು ಚೆನ್ನಾಗಿದ್ದಾರೆ ಅಂತ ನೋಡಿ ಆ ಜೋಡಿಯನ್ನು ಉಳಿಸಿಕೊಳ್ಳಬೇಕು. ಮೊಟ್ಟೆಯನ್ನೇ ಇಡದ ಹುಂಜವನ್ನು ಅಳೆಯೋದಕ್ಕೂ ಅದೇ ದಾರಿ. ಹೀಗೆ ಮಾಡಿದ ಮೇಲೆಯೇ ಅಲ್ಲಿನ ಲೆಕ್ಕ ಮೇಲೆದ್ದದ್ದು.

ನಾನು ದಾರಿಯಲ್ಲಿ ನಾಲ್ಕು ಕೆಜಿ ಹುಂಜ ನೋಡಿ ಮರುಳಾದಾಗ ಅದರ ತಾಯಿ ಯಾರು, ಅಕ್ಕತಂಗಿಯರು ಕಾವಿಗೆ ಕೂರ್ತಾರಾ ಅಂತ ಕೇಳಿರಲಿಲ್ಲ. ಕೇಳಬೇಕು ಅಂತಲೇ ಗೊತ್ತಿರಲಿಲ್ಲ.

ಆ ಕಾಲದಲ್ಲೇ ಓಹಾಯೋದ ವಾರೆನ್ ಊರಿನಲ್ಲಿ ನೆಟ್ಟಿ ಮೆಟ್‌ಕಾಫ್ ಎಂಬ ರೈತ ಮಹಿಳೆ ತಮ್ಮದೇ ತಳಿ ಕಟ್ಟುತ್ತಿದ್ದರು. ಆಕೆಗೆ ಬೇಕಿದ್ದದ್ದು ಓಹಾಯೋದ ಚಳಿ ತಡೆಯುವ, ಮೈ ತುಂಬಿದ, ಓಡಾಡಿ ಮೇಯುವ ಕೋಳಿ. ಬಫ್ ಕೊಚಿನ್ ಹುಂಜವನ್ನು ಬಾರ್ಡ್ ಪ್ಲಿಮತ್ ರಾಕ್ ಹೇಟೆಗಳಿಗೆ ಬಿಟ್ಟರು. ಮರಿಗಳು ದೊಡ್ಡವು, ಆದರೆ ಸೋಮಾರಿಗಳು. ಆ ಸೋಮಾರಿತನ ಕಳೆಯಲು ಚುರುಕಾದ ಗೇಮ್ ಹುಂಜ ತಂದರು. ಮೆಟ್‌ಕಾಫ್ ಹುಡುಕಿದ್ದು ಎಲ್ಲಕ್ಕಿಂತ ದೊಡ್ಡ ಹುಂಜವನ್ನಲ್ಲ, ತನ್ನ ಹೇಟೆಗಳಲ್ಲಿ ಇಲ್ಲದ್ದು ಇರುವ ಹುಂಜವನ್ನು. ಹೀಗೆ ಹುಟ್ಟಿದ ಕೆಂಪು ಕೋಳಿಯೇ ಬಕೈ. ಚಳಿಗೆ ಹೆಪ್ಪುಗಟ್ಟದಂಥ ಪುಟ್ಟ ಜುಟ್ಟು, ಇಲಿ ಹಿಡಿಯುವಷ್ಟು ಚುರುಕು. 1904ರಲ್ಲಿ ಅದಕ್ಕೆ ಅಧಿಕೃತ ಮನ್ನಣೆ ಸಿಕ್ಕಿತು. ಅಮೆರಿಕದ ತಳಿಗಳಲ್ಲಿ ಹೆಂಗಸೊಬ್ಬರು ರೂಪಿಸಿದ್ದು ಅಂತ ಹೆಸರಾಗಿರುವುದು ಇದೊಂದೇ.

ಆಮೇಲೆ ಅಂಕಪಟ್ಟಿ ಪೂರ್ತಿ ಬದಲಾಯಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ‘ಎ ಅಂಡ್ ಪಿ’ ಎಂಬ ದಿನಸಿ ಅಂಗಡಿಗಳ ಸರಪಳಿ ಒಂದು ಸ್ಪರ್ಧೆಗೆ ಹಣ ಹಾಕಿತು. ಅದರ ಹೆಸರು ‘ಚಿಕನ್ ಆಫ್ ಟುಮಾರೋ’, ಅಂದರೆ ನಾಳೆಯ ಕೋಳಿ. ದೇಶದ ಮೂಲೆಮೂಲೆಯಿಂದ ತಳಿಗಾರರು ಮೊಟ್ಟೆ ಕಳಿಸಿದರು. ಒಂದೇ ಕಡೆ ಮರಿ ಮಾಡಿಸಿ, ಒಂದೇ ಮೇವು ಹಾಕಿ, 12 ವಾರ ಬೆಳೆಸಿ, ಕೊಯ್ದು ಅಂಕ ಕೊಟ್ಟರು. ಎದೆ ಎಷ್ಟು ತುಂಬಿದೆ? ಎಷ್ಟು ಬೇಗ ಬೆಳೆಯಿತು? ಎಷ್ಟು ಮೇವಿಗೆ ಎಷ್ಟು ಮಾಂಸ? 1948ರ ರಾಷ್ಟ್ರಮಟ್ಟದ ಸುತ್ತಿನಲ್ಲಿ ಗೆದ್ದವನು ಕ್ಯಾಲಿಫೋರ್ನಿಯಾದ ಚಾರ್ಲ್ಸ್ ವ್ಯಾಂಟ್ರೆಸ್. 1951ರಲ್ಲೂ ಅವನೇ. ಅವನದು ಕಾರ್ನಿಷ್ ಮತ್ತು ನ್ಯೂ ಹ್ಯಾಂಪ್‌ಶೈರ್ ತಳಿಗಳ ಮಿಶ್ರಣ.

ಈ ಕಾರ್ನಿಷ್‌ಗೆ ಇಂಗ್ಲೆಂಡಿನಲ್ಲಿ ಇನ್ನೊಂದು ಹೆಸರಿದೆ, ಇಂಡಿಯನ್ ಗೇಮ್. ನಮ್ಮ ದೇಶದ ಕಾಳಗದ ಕೋಳಿ ಅಸೀಲ್‌ನ ರಕ್ತ ಅದರಲ್ಲಿದೆ. ಅಂದರೆ ನೀವು ಶುಕ್ರವಾರ ರಾತ್ರಿ ಆರ್ಡರ್ ಮಾಡುವ ಕಬಾಬಿನ ಕೋಳಿಯ ಅಗಲ ಎದೆಯ ಹಿಂದೆ, ಬಹಳ ದೂರ ಸುತ್ತಿ ಬಂದ ನಮ್ಮದೇ ಕೋಳಿಯೊಂದು ನಿಂತಿದೆ.

ಫಲಿತಾಂಶ? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ಮತ್ತು 1978ರ ಮಾಂಸದ ತಳಿಗಳನ್ನು ಹಾಗೇ ಉಳಿಸಿಕೊಂಡಿದ್ದರು. ಅವುಗಳನ್ನು 2005ರ ತಳಿಯ ಜೊತೆ ಒಂದೇ ಮೇವಿನಲ್ಲಿ ಬೆಳೆಸಿ ನೋಡಿದರು. 56 ದಿನಕ್ಕೆ 1957ರದ್ದು 905 ಗ್ರಾಂ, 1978ರದ್ದು 1,808 ಗ್ರಾಂ, 2005ರದ್ದು 4,202 ಗ್ರಾಂ. ಬಡವರ ತಟ್ಟೆಗೂ ಕೋಳಿ ಬಂದದ್ದು ಇದರಿಂದಲೇ, ಅದನ್ನು ಅಲ್ಲಗಳೆಯಲಾರೆ. ಆದರೆ ಈ ಕೋಳಿಯ ತಂದೆತಾಯಿಗೆ ಹೊಟ್ಟೆ ತುಂಬ ಮೇವು ಹಾಕುವಂತಿಲ್ಲ. ಹಾಕಿದರೆ ಮೈಭಾರಕ್ಕೆ ಆರೋಗ್ಯ ಕೆಟ್ಟು ಮರಿ ಮಾಡುವುದೇ ಕಷ್ಟ. ಕಾವು, ಕಾಲಿನ ಗಟ್ಟಿತನ, ಆಯಸ್ಸು, ಇವಕ್ಕೆ ಆ ಸ್ಪರ್ಧೆಯಲ್ಲಿ ಅಂಕ ಇರಲಿಲ್ಲ. ಯಾರೂ ಬೇಕಂತ ಇವನ್ನು ತೆಗೆದುಹಾಕಲಿಲ್ಲ. ಪಟ್ಟಿಯಲ್ಲಿ ಬರೆಯಲಿಲ್ಲ, ಅಷ್ಟೇ. ಪಟ್ಟಿಯಲ್ಲಿ ಇಲ್ಲದ್ದು ನಾಲ್ಕಾರು ತಲೆಮಾರಿನಲ್ಲಿ ಹಿಂಡಿನಿಂದಲೂ ಹೋಗುತ್ತೆ.

ಅಪ್ರೈಸಲ್ ಫಾರಂ ತುಂಬುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಂದುಕೊಳ್ತೀನಿ.

ಬಕೈ ಕೂಡ ಇನ್ನೇನು ಮುಗಿಯಿತು ಅನ್ನುವ ಸ್ಥಿತಿಗೆ ಬಂದಿತ್ತು. 2005ರ ಸುಮಾರಿಗೆ ನಾರ್ತ್ ಕ್ಯಾರೊಲಿನಾದಲ್ಲಿರುವ, ಅಪರೂಪದ ಸಾಕುಪ್ರಾಣಿ ತಳಿಗಳನ್ನು ಉಳಿಸುವ ಸಂಸ್ಥೆಯೊಂದು ಅದನ್ನು ಎತ್ತಿಕೊಂಡಿತು. ಅವರು ಹೊಸ ರಕ್ತ ತರಲಿಲ್ಲ, ನೂರು ವರ್ಷ ಹಳೆಯ ಕೋಳಿ ಪುಸ್ತಕಗಳನ್ನು ತೆಗೆದರು. ಎಂಟು ವಾರಕ್ಕೆ ಒಮ್ಮೆ, ಹದಿನಾರು ವಾರಕ್ಕೆ ಒಮ್ಮೆ ಪ್ರತಿ ಮರಿಯನ್ನೂ ಕೈಯಲ್ಲಿ ಹಿಡಿದು ನೋಡಿದರು. ತಲೆ ಅಗಲವಿದೆಯಾ, ಬೆನ್ನು ಚಪ್ಪಟೆಯಿದೆಯಾ, ಎದೆಮೂಳೆ ಉದ್ದವಿದೆಯಾ. ತೂಕ ಬರೆದರು. ಒಂದೇ ದೋಷ ಇರುವ ಇಬ್ಬರನ್ನು ಯಾವತ್ತೂ ಜೋಡಿ ಹಾಕಬಾರದು ಅನ್ನುವುದು ಹಳೇ ತಳಿಗಾರರ ಮೊದಲ ಪಾಠ. ಕೆಲವೇ ತಲೆಮಾರಿನಲ್ಲಿ ಕೋಳಿಗಳ ತೂಕ ಏರಿತು, ಬೇಗ ಬೆಳೆದವು. ಓಡಾಟವೂ ಉಳಿಯಿತು.

ಇದನ್ನೆಲ್ಲ ಓದಿ ಒಂದು ಸ್ಪ್ರೆಡ್‌ಶೀಟ್ ಮಾಡಿಕೊಂಡು ಊರಿಗೆ ಹೋದೆ. ಅಜ್ಜಿ ಅದನ್ನು ನೋಡಲೂ ಇಲ್ಲ. ‘ಬರ್ಕೋ’ ಅಂದರು. ಮೊದಲನೆಯದು, ಕಾವಿಗೆ ಕೂರಬೇಕು. ಎರಡನೆಯದು, ಹದ್ದು ಕಂಡರೆ ಕೂಗಿ ಮರಿಗಳನ್ನು ರೆಕ್ಕೆ ಕೆಳಗೆ ಎಳ್ಕೋಬೇಕು. ಮೂರನೆಯದು, ತಿಪ್ಪೆ ಕೆದಕಿ ತನ್ನ ಹೊಟ್ಟೆ ತಾನೇ ನೋಡ್ಕೋಬೇಕು. ನಾನು ತೂಕ ಅಂದೆ. ‘ಅದು ನಾಕ್ನೇದು.’

ಹಳೇ ರಕ್ತ ಎಲ್ಲಿಂದ ತರೋದು? ನಮ್ಮ ಮನೆಯಲ್ಲಿ ಉಳಿದದ್ದು ಒಂದೇ ಮುದಿ ಹೇಟೆ. ಆಗ ಅಜ್ಜಿಗೆ ನೆನಪಾಯಿತು. ಎಷ್ಟೋ ವರ್ಷದ ಹಿಂದೆ ತಂಗಿಯ ಮನೆಗೆ ಮರಿ ಕೊಟ್ಟಿದ್ದರು. ಚಿಕ್ಕಜ್ಜಿಯ ಹಿತ್ತಲಲ್ಲಿ ಆ ಸಂತಾನ ಇನ್ನೂ ಇತ್ತು! ಎರಡು ಹೇಟೆ, ಎರಡು ಹುಂಜ ಕೊಟ್ಟು ಕಳಿಸಿದರು. ಅಮೆರಿಕದವರಿಗೆ ಹಳೇ ಪುಸ್ತಕ ಇದ್ದ ಹಾಗೆ ನಮಗೆ ಚಿಕ್ಕಜ್ಜಿ.

ಈಗ ಮೂರು ಮನೆ ಮಾಡಿದ್ದೀವಿ, ಕಾಲಿಗೆ ಬಣ್ಣದ ದಾರ ಕಟ್ಟಿ. ಚಿಕ್ಕಜ್ಜಿಯ ಹೇಟೆಗಳದು ಕೆಂಪು ಮನೆ. ಅವಕ್ಕೆ ಪಕ್ಕದೂರಿನಿಂದ ಅಜ್ಜಿಯೇ ತಾಯಿಯನ್ನು ನೋಡಿ ತಂದ ಹುಂಜ. ಮುದಿ ಹೇಟೆಯದು ಹಳದಿ ಮನೆ. ಅವಳು ಕೂರ್ತಾಳೆ, ಆದರೆ ಸಣ್ಣಗಿದ್ದಾಳೆ. ಅವಳಿಗೆ ಚಿಕ್ಕಜ್ಜಿಯ ಹುಂಜಗಳಲ್ಲಿ ಭಾರವಾದದ್ದು. ನನ್ನ ದೊಡ್ಡ ಹುಂಜದ ಇಬ್ಬರು ಹೆಣ್ಣುಮಕ್ಕಳದು ಹಸಿರು ಮನೆ. ಮೈ ಇದೆ, ಕಾವಿಲ್ಲ. ಅವಕ್ಕೆ ಇನ್ನೊಂದು ಹುಂಜ, ಯಾಕೆಂದರೆ ಅದರ ತಾಯಿ ಕೂತ ಮೊಟ್ಟೆ ಬಿಟ್ಟೇಳುತ್ತಿರಲಿಲ್ಲವಂತೆ. ಮುಂದಿನ ವರ್ಷ ಹೆಣ್ಣುಮಕ್ಕಳು ತವರಲ್ಲೇ ಇರ್ತಾರೆ. ಗಂಡುಮಕ್ಕಳು ಮನೆ ಅಳಿಯಂದಿರಾಗಿ ಮುಂದಿನ ಮನೆಗೆ ಹೋಗ್ತಾರೆ, ಕೆಂಪಿನಿಂದ ಹಳದಿಗೆ, ಹಳದಿಯಿಂದ ಹಸಿರಿಗೆ, ಹಸಿರಿನಿಂದ ಕೆಂಪಿಗೆ. ಹಸಿರು ಮನೆಯಿಂದ ಹೊರಡುವ ಹುಂಜವನ್ನು ಮಾತ್ರ ಅಕ್ಕತಂಗಿಯರು ಕಾವಿಗೆ ಕೂತಿದ್ದನ್ನು ನೋಡಿದ ಮೇಲೆಯೇ ಕಳಿಸೋದು ಅಂತ ತೀರ್ಮಾನ ಆಗಿದೆ.

ನನ್ನ ತಪ್ಪು ಪೂರ್ತಿ ಸರಿಹೋಗೋಕೆ ಇನ್ನೂ ಮೂರ್ನಾಲ್ಕು ಯುಗಾದಿ ಬೇಕು. ಅಜ್ಜಿಗೆ ಈಗ ಎಂಬತ್ತೊಂದು. ಆ ಲೆಕ್ಕವನ್ನು ಶೀಟಿನಲ್ಲಿ ಹಾಕಿಲ್ಲ.

ಕಳೆದ ಭಾನುವಾರ ಫೋನ್ ಬಂತು. ಹಸಿರು ಮನೆಯ ತೂಕ ಎಷ್ಟಾಯ್ತು ಅಂತ ಕೇಳಿದೆ. ‘ತೂಕ ಆಮೇಲೆ. ಹಳದಿ ದಾರದ ಮುದುಕಿ ಹನ್ನೊಂದು ಮೊಟ್ಟೆ ಮೇಲೆ ಕೂತವ್ಳೆ. ಬರ್ಕೋ ಮಗಾ’ ಅಂದರು.

ಬರ್ಕೊಂಡೆ.