ಘಟ್ಟದಾಗ ಮಳಿ, ಮನ್ಯಾಗ ಹೊಳಿ

ನಮ್ಮ ಘಟಪ್ರಭಾ ಹೊಳಿದೊಂದು ರೀತಿ ಐತಿ ನೋಡ್ರಿ. ಗೋಕಾಕದಾಗ ಬಿಸಲು ಬಿದ್ದಿರತೈತಿ, ಅಂಗಳದಾಗ ಅರಿವಿ ಒಣಗತಿರತಾವ, ಆದ್ರೂ ಹೊಳಿ ಕೆಂಪಗಾಗಿ ಏರತಿರತೈತಿ. ಮಳಿ ಆಗಿದ್ದು ಇಲ್ಲಲ್ಲ, ಮ್ಯಾಲ ಚಂದಗಡ, ಆಂಬೋಲಿ ಕಡೆ ಸಹ್ಯಾದ್ರಿಯೊಳಗ. ಅಲ್ಲಿ ಮಳಿ ಕೈಕೊಟ್ರ ಇಲ್ಲಿ ಬರ.

ಹಳೇ ಮಂದಿ ಧಾತು ಸಂವತ್ಸರದ ಬರ ಅಂತಿದ್ರಲ್ಲ, ಅದು 1876ರಿಂದ 78ರದ್ದು. 1872ರ ಜನಗಣತಿಗಿಂತ 1881ರಾಗ ನಮ್ಮ ಜಿಲ್ಲಾದ ಮಂದಿನ ಕಡಿಮಿ ಆಗಿತ್ತು. ಹುಟ್ಟಿದ ಕೂಸುಗಳನ್ನೂ ಹಿಡಿದು ಕಡಿಮಿ, ಅಂದ್ರ ಎಷ್ಟು ಮನಿ ಬಾಗಲಾ ಮುಚ್ಚಿರಬೇಕು ಲೆಕ್ಕಾ ಹಾಕ್ರಿ. ಅದರ ಮುಂದ ಆ ಶತಮಾನ ಮುಗಿಯೂದ್ರೊಳಗ ಧೂಪದಾಳದಾಗ ಹೊಳಿಗೆ ಒಡ್ಡು ಬಿತ್ತು, ಕಾಲುವಿ ಬಂತು.

ಆಮ್ಯಾಲ ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮ್, 51 ಟಿಎಂಸಿ ನೀರು ಹಿಡಿಯೂವಂಥಾದ್ದು. ಇದರ ನೀರಿನಿಂದನ ನಮ್ಮ ಕಬ್ಬು, ಗೋವಿನಜೋಳ, ಇಷ್ಟೆಲ್ಲಾ ಸುಖ. ಆದ್ರ ಊರು ಬಿಟ್ಟು ಎದ್ದವರ ಸಂಗತಿ ನಾವು ಭಾಳ ಮಾತಾಡೂದಿಲ್ಲ. ಹುನ್ನೂರಿನ ವಿಠ್ಠಲನ ಗುಡಿ ಇನ್ನೂ ಆ ನೀರಾಗ ನಿಂತೈತಿ. ಬ್ಯಾಸಗಿಯೊಳಗ ನೀರು ಇಳಿದ್ರ ಗುಡಿ ಕಾಣತೈತಿ, ಮಂದಿ ದರ್ಶನಕ್ಕ ಹೋಗತಾರ. ನಮಗ ದೇವರು ಕಂಡ್ರ ನೀರು ತಳಾ ಕಂಡಂಗ!

2019ರಾಗ ಎರಡೂ ಒಂದ ವರ್ಷ ಬಂದ್ವು. ಬ್ಯಾಸಗಿಯೊಳಗ ಕೃಷ್ಣಾ ಬತ್ತಿ, ಕೊಯ್ನಾದಿಂದ ನೀರು ಬಿಡ್ರೀ ಅಂತ ಮಹಾರಾಷ್ಟ್ರದ ಮುಂದ ಕೈ ಒಡ್ಡಿದ್ವಿ. ಆಗಸ್ಟ್ ಬಂತು, ಡ್ಯಾಮ್ ತುಂಬಿ ನೀರು ಬಿಟ್ರು. ಡ್ಯಾಮಿನ ಕೆಳಗ ಹಿರಣ್ಯಕೇಶಿ ಕೂಡತೈತಿ, ಗೋಕಾಕ ಹತ್ರ ಮಾರ್ಕಂಡೇಯ ಕೂಡತೈತಿ. ಮೂರೂ ಒಮ್ಮೆಲೆ ಏರಿದ್ವು. ಲೋಳಸೂರ ಸೇತುವಿ ಮುಳಗಿತು, ಗೋಕಾಕ ಪ್ಯಾಟಿಗೇ ನೀರು ಹೊಕ್ಕಿತು. ಆಗಿನ್ನೂ ಹೊಸಾ ತಾಲೂಕಾಗಿದ್ದ ಮೂಡಲಗಿಯೊಳಗ ಹೊಳಿದಂಡಿ ಊರಿನವರು ಮಕ್ಕಳು, ದನಾ ಕಟಗೊಂಡು ಸಾಲಿಗುಡಿ ಸೇರಿದ್ರು. ಅಕ್ಟೋಬರದಾಗ ಮತ್ತ ಮಳಿ. ಗೋಕಾಕದ ಮಲ್ಲಿಕಾರ್ಜುನ ಗುಡ್ಡದ ಮ್ಯಾಲಿನ ದೊಡ್ಡ ಬಂಡಿಗಲ್ಲು ಜಾರತಾವಂತ ಕೆಳಗಿನ ಮನಿಯವರನ್ನ ಎಬ್ಬಿಸಿದ್ರು.

ನೀರು ಇಳದ ಮ್ಯಾಲಿನ ಕೆಲಸಾ ಹೆಣ್ಮಕ್ಕಳದು. ಮೊಣಕಾಲ ಮಟಾ ರಾಡಿ ಬಳಿಯೂದು, ನೆನೆದು ಮೊಳಕಿ ಒಡೆದ ಜ್ವಾಳ ಚೆಲ್ಲೂದು, ಕೌದಿ ತೊಳಿಯೂದು. ಕೌದಿ ತೊಳದ್ರೂ ಆ ವಾಸನಿ ಹೋಗೂದಿಲ್ಲ. ಸರಕಾರ ಮೊದಲ 10,000 ರೂಪಾಯಿ ಕೊಟ್ಟಿತು, ಪೂರ್ತಿ ಬಿದ್ದ ಮನಿಗೆ 5 ಲಕ್ಷ ಅಂತು. ಖರೇ, ಕೊಟ್ಟಿದ್ದು ಸಣ್ಣದಲ್ಲ. ಆದ್ರ ಮನಿ ಉತಾರ ಸತ್ತ ಮಾವನ ಹೆಸರಿನ್ಯಾಗ ಇದ್ರ, ಭಾವ ಮೈದುನರು ಸಹಿ ಮಾಡಬೇಕು. ಗಂಡ ಇಲ್ಲದಾಕಿ ಆ ಸಹಿಗೆ ಎಷ್ಟು ಮನಿ ಬಾಗಲಾ ತಿರಗಬೇಕು? ಹೊಳಿದಂಡಿಗೆ ಮನಿ ಇದ್ದವರು ಉತಾರದಾಗ ಯಾರ ಹೆಸರೈತಿ ಅಂತ ಈ ಮಳಿಗಾಲ ಬರೂದ್ರೊಳಗ ಒಮ್ಮೆ ತಗಸಿ ನೋಡ್ರೆವ್ವಾ.